ಡ್ಯಾಂ ತುಂಬಿದರೂ ಕೊನೆ ಭಾಗದ ಹೊಲಕ್ಕೆ ನೀರು ಯಾಕೆ ಮುಟ್ಟುವುದಿಲ್ಲ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಹನ್ನೆರಡು ಎಕರೆ ಎರೆ ಹೊಲ ಇದೆ. ಆಗಸ್ಟ್ ಬಂದರೆ ಡ್ಯಾಂ ತುಂಬಿತು ಎಂದು ಟಿ.ವಿ.ಯಲ್ಲಿ ತೋರಿಸುತ್ತಾರೆ. ಅಕ್ಟೋಬರ್ ಹೊತ್ತಿಗೆ ನಮ್ಮ ಉಪಕಾಲುವೆಯಲ್ಲಿ ಪಾದ ಮುಳುಗುವಷ್ಟೂ ನೀರು ಇರುವುದಿಲ್ಲ. ಜಲಾಶಯದ ನೀರನ್ನು ಲೆಕ್ಕ ಹಾಕಿ ಎಲ್ಲರಿಗೂ ಮುಟ್ಟುವ ಹಾಗೆ ಹಂಚುವ ವೈಜ್ಞಾನಿಕ ವಿಧಾನ ಇಲ್ಲವೇ? ಕಂಪ್ಯೂಟರ್ ಬಳಸಿದರೆ ಸರಿಹೋಗುತ್ತದೆಯೇ?

ಉತ್ತರ: ವಿಧಾನ ಖಂಡಿತ ಇದೆ. ಅದರ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಬಿತ್ತನೆಗೆ ಮುಂಚೆಯೇ ಪ್ರತಿ ಉಪಕಾಲುವೆಗೂ ಇಷ್ಟು ನೀರು ಖಾತ್ರಿ ಎಂದು ಹೇಳಬೇಕು. ಹೇಳಿದ್ದನ್ನು ಕೊನೆ ಭಾಗದಲ್ಲಿ ಅಳೆದು ಕೊಡಬೇಕು. ನೀರು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಬರುವ ದಿನ ಗೊತ್ತಿದ್ದರೆ ರೈತ ಅದಕ್ಕೆ ತಕ್ಕ ಬೆಳೆ ಇಡುತ್ತಾನೆ. ಎಷ್ಟು ಬರುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದೇ ಗೊತ್ತಿಲ್ಲದಿದ್ದರೆ ತುಂಬಿದ ಡ್ಯಾಂನಿಂದಲೂ ಬೆಳೆ ಉಳಿಯುವುದಿಲ್ಲ. ಕಂಪ್ಯೂಟರ್ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಡ್ಯಾಂ ಲೆಕ್ಕ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿ ಈಗ ಅದು 105.788 ಟಿಎಂಸಿಗೆ ಇಳಿದಿದೆ. ಮಟ್ಟ ಅದೇ 1,633 ಅಡಿ, ಆದರೆ ಒಳಗೆ ಹಿಡಿಯುವ ನೀರು ಸುಮಾರು 27 ಟಿಎಂಸಿ ಕಮ್ಮಿ. ಹಾಗಾಗಿ ‘1,633 ಅಡಿ ಮುಟ್ಟಿತು’ ಎಂಬ ಸುದ್ದಿಗೆ ನಿಮ್ಮ ಅಪ್ಪನ ಕಾಲದಲ್ಲಿದ್ದ ತೂಕ ಇವತ್ತು ಇಲ್ಲ.

ಇನ್ನೊಂದು ಕಡೆ, ಈ ಅಣೆಕಟ್ಟೆಯಿಂದ ವರ್ಷಕ್ಕೆ ಬಳಸಬಹುದು ಎಂದು ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಲೆಕ್ಕ ಹಾಕಿದ್ದು 212 ಟಿಎಂಸಿ. ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01. ಈಗಿನ ತೆಲಂಗಾಣದ ಪಾಲೂ ಆಂಧ್ರದ ಲೆಕ್ಕದೊಳಗೇ ಇತ್ತು. ಆವಿಯಾಗುವ ನೀರಿಗೆಂದು 18 ಟಿಎಂಸಿ ಬೇರೆ ಇಟ್ಟಿದ್ದರು. 105 ಹಿಡಿಯುವ ಡ್ಯಾಂನಿಂದ 212 ಬಳಸುವುದು ಹೇಗೆ? ಮಳೆಗಾಲದಲ್ಲಿ ಮಲೆನಾಡಿನಿಂದ ನೀರು ಹರಿದು ಬರುತ್ತಿರುವಾಗಲೇ ಅರ್ಧಕ್ಕರ್ಧ ಬಳಸಿಬಿಡಬೇಕು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕಾಲುವೆಯಲ್ಲಿ ಹರಿಯುವುದರಲ್ಲಿ ಹೆಚ್ಚಿನ ಪಾಲು ಅಂದಂದಿನ ಒಳಹರಿವು. ಕೂಡಿಟ್ಟ ನೀರು ಕೆಲಸಕ್ಕೆ ಬರುವುದು ಒಳಹರಿವು ಬತ್ತಿದ ಮೇಲೆ. ಆದ್ದರಿಂದ ಡ್ಯಾಂ ತುಂಬಿದ ದಿನ ಯಾವುದು ಎಂದು ಕೇಳುವುದಕ್ಕಿಂತ, ಒಳಹರಿವು ನಿಂತ ದಿನ ಎಷ್ಟು ಉಳಿದಿತ್ತು ಎಂದು ಕೇಳಿ. ನಿಮ್ಮ ಅಕ್ಟೋಬರ್ ನಿರ್ಧಾರವಾಗುವುದು ಆ ಅಂಕಿಯಿಂದ.

ಅದೂ ನಾವು ಅಂದುಕೊಂಡ ಹಾಗೆ ಇರುತ್ತದೆ ಎನ್ನುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದದ್ದು ನಿಮಗೆ ನೆನಪಿರುತ್ತದೆ. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಗೇಟ್ ಕೂರಿಸಿ ಉಳಿದ ನೀರನ್ನು ಕಾಪಾಡಿದರು, ಆಮೇಲೆ ಮಳೆಯೂ ಕೈಹಿಡಿಯಿತು. ಮರುವರ್ಷ ಸುರಕ್ಷತೆಯ ಕಾರಣಕ್ಕೆ 80 ಟಿಎಂಸಿಗೆ ಸಂಗ್ರಹ ಮಿತಿಗೊಳಿಸಿದರು. 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಬರ ಬಂದರೆ ಒಂದು ಲೆಕ್ಕ, ಗೇಟ್ ಕೆಟ್ಟರೆ ಇನ್ನೊಂದು ಲೆಕ್ಕ. ಎರಡಕ್ಕೂ ಬಗ್ಗುವಂಥ ಹಂಚಿಕೆ ನಿಯಮ ಬೇಕು.

ಈಗ ಟಿಎಂಸಿಯನ್ನು ಎಕರೆಗೆ ಇಳಿಸೋಣ. ಒಂದು ಟಿಎಂಸಿ ಅಂದರೆ ಸುಮಾರು 23,000 ಎಕರೆಯ ಮೇಲೆ ಒಂದಡಿ ನಿಲ್ಲುವಷ್ಟು ನೀರು. ನಾಟಿ ಭತ್ತಕ್ಕೆ ಹೊಲದಲ್ಲಿ ನಾಲ್ಕಡಿ ನೀರು ಬೇಕು ಎಂದಿಟ್ಟುಕೊಂಡರೆ ಒಂದು ಟಿಎಂಸಿಗೆ 5,700 ಎಕರೆ. ಜೋಳಕ್ಕೋ ಹತ್ತಿಗೋ ಮಳೆಯ ಜೊತೆಗೆ ಒಂದೂವರೆ ಅಡಿ ಕಾಲುವೆ ನೀರು ಸಾಕು ಎಂದರೆ ಅದೇ ನೀರು 15,000 ಎಕರೆಗೆ ಆಗುತ್ತದೆ.

ಎಡದಂಡೆ ಕಾಲುವೆಗೆ ಯೋಜನೆಯಲ್ಲಿ ಇಟ್ಟದ್ದು ಸುಮಾರು 92 ಟಿಎಂಸಿ. ಅಚ್ಚುಕಟ್ಟು ಸುಮಾರು ಆರು ಲಕ್ಷ ಎಕರೆ. ಭಾಗಿಸಿದರೆ ಎಕರೆಗೆ ಮೂರೂವರೆ ಅಡಿ. ಆದರೆ ಇದು ಡ್ಯಾಂ ಬಾಗಿಲಿನ ಲೆಕ್ಕ. 227 ಕಿಲೋಮೀಟರ್ ಕಾಲುವೆ, ಅದರಡಿ ಉಪಕಾಲುವೆ, ಅದರಿಂದ ಕವಲೊಡೆಯುವ ಲ್ಯಾಟರಲ್, ಹೊಲಗಾಲುವೆ. ದಾರಿಯಲ್ಲಿ ಮೂರರಲ್ಲಿ ಒಂದು ಪಾಲು ಇಂಗಿಹೋದರೂ ಹೊಲಕ್ಕೆ ಸಿಗುವುದು ಎರಡಡಿ ಚಿಲ್ಲರೆ. ಅದು ವರ್ಷಕ್ಕೆ, ಒಂದು ಬೆಳೆಗೆ. ಎಲ್ಲರೂ ಭತ್ತ ಬೆಳೆಯುವಷ್ಟು ನೀರು ಈ ಯೋಜನೆಯಲ್ಲಿ ಕಾಗದದ ಮೇಲೂ ಯಾವತ್ತೂ ಇರಲಿಲ್ಲ.

ಯೋಜನೆ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇದು ಬರ ತಡೆಯುವ ಯೋಜನೆ. ಜಾಸ್ತಿ ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಮಳೆ ಕೈಕೊಟ್ಟಾಗ ಬೆಳೆ ಉಳಿಸುವುದು ಗುರಿ. ಅದಕ್ಕೇ ಸರ್ವೆ ನಂಬರ್ ಪ್ರಕಾರ ಇಲ್ಲಿ ಭತ್ತ, ಇಲ್ಲಿ ಮುಂಗಾರಿನ ಮಿತ ನೀರಾವರಿ ಬೆಳೆ, ಇಲ್ಲಿ ಹಿಂಗಾರಿನದು ಎಂದು ಗುರುತು ಮಾಡಿದರು. ಭತ್ತಕ್ಕೆ ಗುರುತಾದ ಜಮೀನು ಸಣ್ಣ ಪಾಲು. ಆಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಜಮೀನು ಸಮ ಮಾಡಿ ಭತ್ತ ಇಟ್ಟರು. ಇಲ್ಲಿನವರೂ ಅದನ್ನೇ ಕಲಿತರು. ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿ ಊರೂರಿಗೆ ಹೆಸರಾಯಿತು. ರೈಸ್ ಮಿಲ್ ಬಂದವು, ಸಾಲ ಸಿಕ್ಕಿತು. ಒಂದು ಹಂಗಾಮಿಗೆ ಎಂದು ಅಳೆದಿಟ್ಟ ನೀರಿನಲ್ಲಿ ಮೇಲ್ಭಾಗದಲ್ಲಿ ಎರಡು ಭತ್ತ ಬೆಳೆಯುವುದು ರೂಢಿಯಾಯಿತು.

ಮೇಲ್ಭಾಗದ ರೈತನನ್ನು ಕಳ್ಳ ಎಂದು ಕರೆಯಲು ನನಗೆ ಮನಸ್ಸಿಲ್ಲ. ಬೆಲೆ ಖಾತ್ರಿ ಇರುವ ಬೆಳೆ ಅವನ ಮುಂದಿದೆ, ಬಾಗಿಲಲ್ಲಿ ನೀರಿದೆ. ನಿಯಮ ಬರೆದವರು ಅದನ್ನು ಜಾರಿ ಮಾಡಲಿಲ್ಲ. ಜೊತೆಗೆ ಮೇಲಿನ ಕಾಲುವೆಯ ಬಸಿನೀರು ನಿಲ್ಲುವ ತಗ್ಗಿನ ಜಮೀನಿನಲ್ಲಿ ಈಗ ಜೋಳ ಬಿತ್ತಿದರೆ ಬೇರು ಕೊಳೆಯುತ್ತದೆ. ಅಲ್ಲಿ ಭತ್ತ ಬಿಟ್ಟರೆ ಬೇರೆ ದಾರಿಯೂ ಇಲ್ಲ. ದಶಕಗಟ್ಟಲೆ ನೀರು ನಿಂತು ಎಷ್ಟೋ ಜಮೀನು ಸವುಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ನೆಲದಡಿ ಪೈಪ್ ಹಾಕಿ ಬಸಿಯುವ ವಿಧಾನಗಳ ಮೇಲೆ ಕೆಲಸ ಮಾಡುತ್ತಿರುವುದು ಇದಕ್ಕಾಗಿಯೇ. ಕೆಳಗೆ ನೀರಿಲ್ಲದೆ ಒಣಗುವ ಹೊಲ, ಮೇಲೆ ನೀರು ಹೆಚ್ಚಾಗಿ ಉಪ್ಪಾಗುವ ಹೊಲ. ಎರಡೂ ಒಂದೇ ಹಂಚಿಕೆಯ ಫಲ.

ಕೊರತೆ ಯಾಕೆ ಯಾವಾಗಲೂ ನಿಮ್ಮ ತಲೆಯ ಮೇಲೇ ಬೀಳುತ್ತದೆ? ಇದರಲ್ಲಿ ಕಳ್ಳತನದ ಪಾಲಿದೆ, ಒಪ್ಪುತ್ತೇನೆ. ಕಾಲುವೆಗೆ ಪಂಪ್‌ಸೆಟ್ ಇಡುವುದು, ತೂಬು ಒಡೆದು ದೊಡ್ಡ ಪೈಪ್ ಕೂರಿಸುವುದು, ಎಲ್ಲ ನಡೆಯುತ್ತದೆ. ಇದನ್ನು ತಡೆಯಲೆಂದೇ 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆ ಹೆಚ್ಚಿಸಿದರು. ಆದರೆ ಒಬ್ಬರೂ ಕದಿಯದಿದ್ದರೂ ಕೊರತೆ ಕೆಳಭಾಗಕ್ಕೇ ಜಾರುತ್ತದೆ. ಈ ಒಂದು ವಿಷಯ ಸಭೆಗಳಲ್ಲಿ ಚರ್ಚೆಗೇ ಬರುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಲುವೆಯಲ್ಲಿ ಆರಡಿ ನೀರು ಇದೆ ಎಂದುಕೊಳ್ಳಿ. ಗೇಜ್, ಅಂದರೆ ಅಳತೆ ಪಟ್ಟಿಯಲ್ಲಿ ಕಾಣುವ ನೀರಿನ ಮಟ್ಟ, ಐದಡಿಗೆ ಇಳಿಯಿತು. ಆರರಲ್ಲಿ ಒಂದು ಪಾಲು ಕಮ್ಮಿಯಾಯಿತು ಎಂದು ನಮಗೆ ಅನ್ನಿಸುತ್ತದೆ. ನಿಜವಾಗಿ ಹರಿವು ಕಾಲು ಭಾಗಕ್ಕಿಂತ ಜಾಸ್ತಿ ಕುಸಿದಿರುತ್ತದೆ. ಯಾಕೆಂದರೆ ಆಳ ಕಡಿಮೆಯಾದಾಗ ನೀರಿನ ವೇಗವೂ ಕಡಿಮೆಯಾಗುತ್ತದೆ. ಈಗ ದಂಡೆಯ ಬುಡದಲ್ಲಿರುವ ಪೈಪ್ ತೂಬನ್ನು ನೋಡಿ. ಅದರೊಳಗೆ ನುಗ್ಗುವ ನೀರು ಮೇಲಿನ ಆಳದ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಆರಡಿ ಐದಡಿಯಾದರೆ ತೂಬಿನ ಹರಿವು ಇಳಿಯುವುದು ಬರೀ ಹತ್ತರಲ್ಲಿ ಒಂದು ಪಾಲಿನಷ್ಟು. ಕಾಲುವೆಯಲ್ಲಿ ಕಾಲು ಭಾಗ ನೀರು ಹೋಯಿತು, ಮೇಲಿನ ತೂಬುಗಳು ಮಾತ್ರ ಹತ್ತಿರ ಹತ್ತಿರ ತಮ್ಮ ಪೂರ್ತಿ ಪಾಲನ್ನೇ ಎಳೆಯುತ್ತಿವೆ. ಹಾಗಾದರೆ ಉಳಿದ ಕೊರತೆಯೆಲ್ಲ ಎಲ್ಲಿಗೆ ಹೋಗಬೇಕು? ಕೊನೆಗೆ ಬರುವವರಿಗೆ.

ಹೀಗಾಗಿ ನೀರು ಕಡಿಮೆ ಇದ್ದಾಗ ಎಲ್ಲ ಉಪಕಾಲುವೆಗಳನ್ನೂ ಅರ್ಧಂಬರ್ಧ ಹರಿಸುವುದು ಅತಿ ಕೆಟ್ಟ ಹಂಚಿಕೆ. ನೋಡಲು ಸಮಾನ, ಫಲದಲ್ಲಿ ಅನ್ಯಾಯ. ಸರಿಯಾದ ದಾರಿ ಪಾಳಿ. ಕೆಲವು ಉಪಕಾಲುವೆಗಳನ್ನು ಪೂರ್ತಿ ಮುಚ್ಚಿ, ಉಳಿದವನ್ನು ಪೂರ್ತಿ ಗೇಜಿನಲ್ಲಿ ಹರಿಸಬೇಕು. ವಾರದ ನಂತರ ಅದಲು ಬದಲು. ಪಂಜಾಬ್, ಹರಿಯಾಣದ ವಾರಾಬಂದಿ ನಿಂತಿರುವುದು ಇದೇ ತತ್ವದ ಮೇಲೆ. ಅಲ್ಲಿ ಉಪಕಾಲುವೆ ಹರಿದರೆ ತುಂಬಿ ಹರಿಯಬೇಕು, ಇಲ್ಲವಾದರೆ ಮುಚ್ಚಿರಬೇಕು. ಪ್ರತಿ ರೈತನಿಗೂ ವಾರದಲ್ಲಿ ತನ್ನ ಗಂಟೆ ಯಾವುದು ಎಂದು ಗೊತ್ತಿರುತ್ತದೆ. ಇಲ್ಲೂ ‘ಆನ್ ಅಂಡ್ ಆಫ್’ ಎಂದು ಆಗಾಗ ಮಾಡುತ್ತಾರೆ. ಆದರೆ ನೀರು ಕೈಮೀರಿದ ಮೇಲೆ, ಗಲಾಟೆ ಆದ ಮೇಲೆ ಮಾಡುತ್ತಾರೆ. ಅದನ್ನು ಮೊದಲ ದಿನದಿಂದಲೇ ವೇಳಾಪಟ್ಟಿ ಹಾಕಿ ಮಾಡಿದರೆ ಮಾತ್ರ ಉಪಯೋಗ.

ಪಾಳಿಯೊಳಗೂ ಕೊನೆಯಿಂದ ಶುರು ಮಾಡುವುದು ಒಳ್ಳೆಯದು. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ವಾಘಾಡ್ ಜಲಾಶಯದಡಿ ರೈತರ ನೀರು ಬಳಕೆದಾರರ ಸಂಘಗಳು ಸೇರಿ ನೀರನ್ನು ಅಳೆದು ತೆಗೆದುಕೊಂಡು ತಾವೇ ಹಂಚಿಕೊಳ್ಳುತ್ತವೆ. ಅಲ್ಲಿ ಈ ಕೆಲಸ ಶುರುವಾದದ್ದೇ ಕೊನೆ ಭಾಗದ ಹಳ್ಳಿಗಳಿಂದ. ನಮ್ಮಲ್ಲಿ ಸಹಕಾರ ಸಂಘಗಳು ಇವೆ, ಬೋರ್ಡೂ ಇದೆ. ಆದರೆ ನೀರನ್ನು ಗಾತ್ರದ ಲೆಕ್ಕದಲ್ಲಿ ಅವುಗಳ ಕೈಗೆ ಕೊಟ್ಟಿಲ್ಲ. ಎಷ್ಟು ಬರುತ್ತದೆಂದು ಗೊತ್ತಿಲ್ಲದ ನೀರನ್ನು ಯಾವ ಸಂಘವೂ ಹಂಚಲಾರದು.

ಈಗ ಅಸಲು ವಿಷಯ, ವರ್ಷದ ಹಂಚಿಕೆ. ನಮ್ಮಲ್ಲಿ ನೀರಾವರಿ ಸಲಹಾ ಸಮಿತಿ, ನೀವು ಹೇಳುವ ಐಸಿಸಿ, ಸಭೆ ಸೇರಿ ಯಾವ ಕಾಲುವೆಗೆ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು), ಯಾವ ದಿನದಿಂದ ಯಾವ ದಿನದವರೆಗೆ ಎಂದು ತೀರ್ಮಾನಿಸುತ್ತದೆ. ಕೇಳಲು ಖಚಿತವಾಗಿದೆ. 4,100 ಕ್ಯೂಸೆಕ್ ನೂರು ದಿನ ಹರಿದರೆ 35 ಟಿಎಂಸಿ, ಲೆಕ್ಕ ಸರಿಯಾಗಿದೆ. ಆದರೆ ಅದು ಮುಖ್ಯ ಕಾಲುವೆಯ ಬಾಯಿಗೆ ಬಿಡುವ ನೀರು. ನಿಮ್ಮ ಉಪಕಾಲುವೆಗೆ ಎಷ್ಟು ಎಂಬುದು ಆ ಪತ್ರಿಕಾ ಪ್ರಕಟಣೆಯಲ್ಲಿ ಇರುವುದಿಲ್ಲ. ‘ಒಳಹರಿವು ನೋಡಿಕೊಂಡು’ ಎಂಬ ಒಂದು ಮಾತು ಮಾತ್ರ ಇರುತ್ತದೆ. ಆ ಮಾತಿನಲ್ಲಿರುವ ಅಪಾಯವನ್ನೆಲ್ಲ ಹೊರುವವರು ನೀವು.

ಆಸ್ಟ್ರೇಲಿಯಾದ ಮುರ್ರೆ-ಡಾರ್ಲಿಂಗ್ ಕಣಿವೆಯಲ್ಲಿ ಇದನ್ನು ಬೇರೆ ಥರ ಮಾಡುತ್ತಾರೆ. ಅದೂ ನಮ್ಮ ಹಾಗೆ ಮಳೆ ನಂಬಲಾಗದ ಒಣ ಪ್ರದೇಶ. ಅಲ್ಲಿ ನೀರಿನ ವರ್ಷ ಜುಲೈ 1ಕ್ಕೆ ಶುರು. ಆ ಹೊತ್ತಿಗೆ ಜಲಾಶಯದಲ್ಲಿ ಇರುವ ನೀರು, ಕೆಟ್ಟ ವರ್ಷದಲ್ಲೂ ಬಂದೇ ಬರುವ ಒಳಹರಿವು, ಇವೆರಡನ್ನು ಮಾತ್ರ ನಂಬಿ ಪ್ರತಿಯೊಬ್ಬರಿಗೂ ಅವರ ಹಕ್ಕಿನ ಶೇಕಡಾ ಇಷ್ಟು ಎಂದು ಘೋಷಿಸುತ್ತಾರೆ. ಕೆಲವು ವರ್ಷ ಅದು ತೀರಾ ಕಡಿಮೆ ಇರುತ್ತದೆ. ಮಳೆ ಬಂದ ಹಾಗೆ ಶೇಕಡಾವಾರನ್ನು ಏರಿಸುತ್ತಾ ಹೋಗುತ್ತಾರೆ. ಘೋಷಿಸಿದ್ದನ್ನು ಸಾಮಾನ್ಯವಾಗಿ ಇಳಿಸುವುದಿಲ್ಲ. ಅಲ್ಲಿನ ನೀರಿನ ಮಾರುಕಟ್ಟೆ, ದೊಡ್ಡ ಹಿಡುವಳಿ ಇವೆಲ್ಲ ನಮಗೆ ಹೊಂದುವುದಿಲ್ಲ. ಆದರೆ ಕಡಿಮೆಯಿಂದ ಶುರು ಮಾಡಿ ಏರಿಸು ಎಂಬ ನಿಯಮ ನಮಗೆ ಅಲ್ಲಿಗಿಂತ ಜಾಸ್ತಿ ಬೇಕು.

ತುಂಗಭದ್ರೆಗೆ ಇದನ್ನು ಹೇಗೆ ಹೊಂದಿಸಬಹುದು? ನನ್ನ ಅಭಿಪ್ರಾಯ ಹೀಗಿದೆ. ಜುಲೈ ಸಭೆಯಲ್ಲಿ ಮೊದಲು ಬೇಸಿಗೆಯವರೆಗಿನ ಕುಡಿಯುವ ನೀರನ್ನು ಎತ್ತಿಡಬೇಕು. ರಾಯಚೂರು ನಗರಕ್ಕೆ ಹೋಗುವ ನೀರೂ ಇದೇ ಕಾಲುವೆಯಲ್ಲೇ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಆವಿಯಾಗುವ ನೀರಿನ ಲೆಕ್ಕವನ್ನೂ ಕಳೆಯಬೇಕು. ಉಳಿದದ್ದಕ್ಕೆ ಐದು ವರ್ಷದಲ್ಲಿ ನಾಲ್ಕು ವರ್ಷವಾದರೂ ಬರುವಷ್ಟು ಒಳಹರಿವನ್ನು ಸೇರಿಸಿ, ಆ ಮೊತ್ತವನ್ನು ಉಪಕಾಲುವೆವಾರು ಎಕರೆಗೆ ಇಷ್ಟು ಇಂಚು ಎಂದು ಘೋಷಿಸಬೇಕು. ಸರಾಸರಿ ಒಳಹರಿವನ್ನು ನಂಬಿ ಮಾತು ಕೊಟ್ಟರೆ ಹತ್ತಿರ ಹತ್ತಿರ ವರ್ಷ ಬಿಟ್ಟು ವರ್ಷ ಮಾತು ತಪ್ಪುತ್ತದೆ. ಆಗಸ್ಟ್ ಕೊನೆಗೆ ಒಮ್ಮೆ, ಸೆಪ್ಟೆಂಬರ್ ಕೊನೆಗೆ ಒಮ್ಮೆ ಅದನ್ನು ಏರಿಸಬಹುದು. ಏರಿಕೆಯ ನೀರು ಭತ್ತಕ್ಕೆ ಬೇಕಿದ್ದರೆ ಹೋಗಲಿ. ಮೊದಲ ಘೋಷಣೆಯ ನೀರು ಮಾತ್ರ ಅಚ್ಚುಕಟ್ಟಿನ ಎಲ್ಲ ಎಕರೆಗೂ ಸಮನಾಗಿ ಸೇರಬೇಕು. ಮೇಲ್ಭಾಗ, ಕೆಳಭಾಗ ಎಂಬ ಭೇದ ಅದರಲ್ಲಿ ಬರಬಾರದು. ನವೆಂಬರ್‌ನಲ್ಲಿ ಎರಡನೇ ಬೆಳೆಯ ಮಾತು ಎತ್ತುವ ಮುಂಚೆ, ಮೊದಲ ಬೆಳೆಗೆ ಘೋಷಿಸಿದ ಪಾಲು ಕೊನೆ ಭಾಗಕ್ಕೆ ಮುಟ್ಟಿತೇ ಎಂಬ ಲೆಕ್ಕವನ್ನು ಸಭೆಯ ಮುಂದಿಡಬೇಕು. ಇಷ್ಟಕ್ಕೆ ಹೊಸ ಡ್ಯಾಂ ಬೇಕಿಲ್ಲ. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕು ಎಂಬ ಬೇಡಿಕೆ ಇದೆ, ಹೂಳಿನಿಂದ ಕಳೆದುಕೊಂಡ ಜಾಗವನ್ನು ಅದು ಮರಳಿ ಕೊಡಬಹುದು. ಆದರೆ ಈಗಿನ ಹಂಚಿಕೆಯೇ ಮುಂದುವರಿದರೆ ಆ ನೀರೂ ಮೇಲ್ಭಾಗದ ಭತ್ತಕ್ಕೇ ಹೋಗುತ್ತದೆ.

ಕೊರತೆ ಬಂದೇ ಬರುತ್ತದೆ ಎಂದಾದರೆ ಅದನ್ನು ಯಾವಾಗ ಅನುಭವಿಸಬೇಕು? ಇಲ್ಲಿ ವಿಜ್ಞಾನ ಸ್ಪಷ್ಟವಾಗಿ ಒಂದು ಮಾತು ಹೇಳುತ್ತದೆ. ಮೊದಲೇ ಸ್ವಲ್ಪ ಸ್ವಲ್ಪ ಕಡಿತ ಮಾಡಿ, ಕೊನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಪ್ರಕಟಿಸಿದ ಲೆಕ್ಕಗಳು ಇವತ್ತಿಗೂ ಬಳಕೆಯಲ್ಲಿವೆ. ಇಡೀ ಹಂಗಾಮಿನಲ್ಲಿ ಬೆಳೆ ಬಳಸುವ ನೀರು ಶೇ 20ರಷ್ಟು ಕಡಿಮೆಯಾದರೆ ಮೆಕ್ಕೆಜೋಳದ ಇಳುವರಿ ಸುಮಾರು ಶೇ 25 ಕುಸಿಯುತ್ತದೆ, ಜೋಳದ್ದು ಶೇ 18, ಹತ್ತಿಯದು ಶೇ 17, ಶೇಂಗಾದ್ದು ಶೇ 14. ನೋವಾಗುತ್ತದೆ, ಆದರೆ ಬೆಳೆ ಮನೆಗೆ ಬರುತ್ತದೆ. ಈಗ ಹಂತ ನೋಡಿ. ಮೆಕ್ಕೆಜೋಳ ಗಿಡವಾಗಿ ಬೆಳೆಯುವಾಗ ಅದೇ ಶೇ 20 ಕೊರತೆ ಬಂದರೆ ನಷ್ಟ ಸುಮಾರು ಶೇ 8. ಸೂಲಂಗಿ ಬರುವ, ಹೂ ಕಟ್ಟುವ ಹೊತ್ತಿನಲ್ಲಿ ಬಂದರೆ ಶೇ 30. ನಿಮ್ಮ ಕಾಲುವೆ ಒಣಗುವ ಅಕ್ಟೋಬರ್‌ನಲ್ಲಿ ನಿಮ್ಮ ಹತ್ತಿ ಯಾವ ಹಂತದಲ್ಲಿರುತ್ತದೆ? ಹೂ, ಕಾಯಿ. ಬೀಜ, ಗೊಬ್ಬರ, ಔಷಧಿ, ಆಳು ಎಲ್ಲದಕ್ಕೂ ದುಡ್ಡು ಸುರಿದಾಗಿದೆ. ಆಗ ನಿಲ್ಲುವ ಒಂದು ಟಿಎಂಸಿ, ಜುಲೈನಲ್ಲಿ ಮೇಲ್ಭಾಗದ ಕೆಸರುಗದ್ದೆಗೆ ಧಾರಾಳವಾಗಿ ಬಿಟ್ಟ ಒಂದು ಟಿಎಂಸಿಗಿಂತ ಎಷ್ಟೋ ಬೆಲೆಯದ್ದು.

ಕಂಪ್ಯೂಟರ್ ಇಲ್ಲಿ ನಿಜವಾಗಿ ಸಹಾಯ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೇದುಲ ಮತ್ತು ಮಜುಂದಾರ್ 1992ರಲ್ಲೇ ನಮ್ಮ ಮಲಪ್ರಭಾ ಜಲಾಶಯವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಂಥ ಲೆಕ್ಕವನ್ನು ಮಾಡಿ ತೋರಿಸಿದ್ದಾರೆ. ಅದರ ಬುದ್ಧಿವಂತಿಕೆ ಎಲ್ಲಿದೆ ಅಂದರೆ, ಅದು ಜಲಾಶಯದ ಮಟ್ಟವನ್ನು ಮಾತ್ರ ನೋಡುವುದಿಲ್ಲ. ಡ್ಯಾಂನಲ್ಲಿ ಎಷ್ಟಿದೆ, ಎಷ್ಟು ಬರುತ್ತಿದೆ, ಹೊಲದ ಮಣ್ಣಿನಲ್ಲಿ ಎಷ್ಟು ತೇವ ಇದೆ, ಮೂರನ್ನೂ ಸೇರಿಸಿ ನೋಡುತ್ತದೆ. ಪ್ರತಿ ಬಾರಿಯೂ ಒಂದೇ ಪ್ರಶ್ನೆ: ಇವತ್ತು ಈ ನೀರನ್ನು ಈ ಬೆಳೆಗೆ ಕೊಟ್ಟರೆ ಜಾಸ್ತಿ ಲಾಭವೋ, ಇಟ್ಟುಕೊಂಡು ಮುಂದಿನ ಪಾಳಿಗೆ ಇನ್ನೊಂದು ಬೆಳೆಗೆ ಕೊಟ್ಟರೆ ಜಾಸ್ತಿಯೋ? ಎರೆಭೂಮಿಯಲ್ಲಿ ಒಳ್ಳೆಯ ಮಳೆ ಬಿದ್ದ ವಾರ ಕಾಲುವೆ ಬಂದ್ ಮಾಡಿದರೆ ಬೆಳೆಗೆ ಏನೂ ಆಗುವುದಿಲ್ಲ, ಮಣ್ಣೇ ನೀರು ಹಿಡಿದಿರುತ್ತದೆ. ಆ ವಾರದ ನೀರು ಅಕ್ಟೋಬರ್‌ಗೆ ಉಳಿಯುತ್ತದೆ. ಈ ಒಂದು ಅಭ್ಯಾಸಕ್ಕೆ ಕಂಪ್ಯೂಟರೂ ಬೇಡ, ಮಳೆಮಾಪಕ ಸಾಕು.

ಆದರೆ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹೊಲಕ್ಕೆ ತಲುಪಿಸುವುದು ಗೇಟು ಮತ್ತು ಗೇಜು. ಕೃಷ್ಣಾ ಮೇಲ್ದಂಡೆಯ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಹಾಕಿದ್ದಾರೆ. 2023ರ ಜನವರಿಯಲ್ಲಿ ಪ್ರಧಾನಿ ಕೊಡೇಕಲ್‌ನಲ್ಲಿ ಅದನ್ನು ಉದ್ಘಾಟಿಸಿದರು. ಒಳ್ಳೆಯ ಹೆಜ್ಜೆ. ಇದರ ದೊಡ್ಡ ಲಾಭ ಗೇಟ್ ಎತ್ತುವ ಮೋಟಾರ್ ಅಲ್ಲ, ಗಂಟೆಗಂಟೆಗೆ ದಾಖಲಾಗುವ ಗೇಜು. ಆ ಅಂಕಿಗಳನ್ನು ರೈತರ ಮೊಬೈಲ್‌ಗೆ ಬರುವ ಹಾಗೆ ಮಾಡಿದರೆ ಯಾರ ಪಾಲು ಎಲ್ಲಿ ಕಳೆದುಹೋಯಿತು ಎಂಬುದು ಮುಚ್ಚಿಡಲಾಗದ ಮಾತಾಗುತ್ತದೆ. ಅಂಕಿ ಕಚೇರಿಯಲ್ಲೇ ಉಳಿದರೆ ಅಷ್ಟು ಖರ್ಚು ಮಾಡಿಯೂ ಹಳೇ ಕಥೆಯೇ. ಡ್ರಿಪ್ ಬಗ್ಗೆಯೂ ಇದೇ ಮಾತು. ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಲ್ಲಿ ಸಾವಿರಾರು ರೈತರ ಹೊಲಕ್ಕೆ ಒಟ್ಟಿಗೇ ಹನಿ ನೀರಾವರಿ ಹಾಕಿದರು. ನೀರು ಬರುವ ನಂಬಿಕೆ, ರಿಪೇರಿ ಮಾಡುವ ಜನ ಎರಡೂ ಗಟ್ಟಿಯಾಗದೆ ಬಹಳಷ್ಟು ಹೊಲಗಳಲ್ಲಿ ಪೈಪು ಮೂಲೆಗೆ ಸೇರಿತು.

ಮೇಲ್ಭಾಗದವರ ಭತ್ತದಲ್ಲಿ ನೀರು ಉಳಿಸದೆ ನಿಮಗೆ ನೀರು ಸಿಗುವುದಿಲ್ಲ, ಹಾಗಾಗಿ ಅದನ್ನೂ ಹೇಳಬೇಕು. ಕೂರಿಗೆಯಲ್ಲಿ ಬಿತ್ತುವ ಭತ್ತ ರಾಯಚೂರು, ಕೊಪ್ಪಳದಲ್ಲಿ ಈಗ ಹೊಸದೇನಲ್ಲ. ಕೆಸರು ಮಾಡುವ ನೀರು ಉಳಿಯುತ್ತದೆ, ಜುಲೈ ತಿಂಗಳ ಎಳೆತ ಕಡಿಮೆಯಾಗುತ್ತದೆ. ಕಳೆ ನಿರ್ವಹಣೆ ಕಷ್ಟ, ಅದೊಂದನ್ನು ಕಲಿಯಬೇಕು. ನಾಟಿ ಗದ್ದೆಯಲ್ಲಾದರೆ ತೋಯಿಸಿ ಆರಿಸುವ ವಿಧಾನ ಇದೆ. ಒಂದಡಿ ಉದ್ದದ ಪ್ಲಾಸ್ಟಿಕ್ ಪೈಪಿಗೆ ತೂತು ಕೊರೆದು ಗದ್ದೆಯಲ್ಲಿ ಊರಿ, ಒಳಗಿನ ಮಣ್ಣು ತೆಗೆಯಿರಿ. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟಿ. ಹೂ ಬರುವ ವಾರಗಳಲ್ಲಿ ಮಾತ್ರ ನೀರು ನಿಂತಿರಲಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುವ ಪ್ರಕಾರ ಶೇ 30ರವರೆಗೆ ನೀರು ಉಳಿಯುತ್ತದೆ. ನಮ್ಮ ಎರೆಭೂಮಿಗೆ ಒಂದು ಎಚ್ಚರಿಕೆ ಇದೆ: ಬಿರುಕು ಬಿಡುವವರೆಗೆ ಆರಿಸಬಾರದು. ಬಿರುಕು ಬಿಟ್ಟರೆ ಮುಂದಿನ ಸಲ ಬಿಟ್ಟ ನೀರು ಸೀದಾ ಬಿರುಕಿನೊಳಗೆ ಇಳಿದು ಹೋಗುತ್ತದೆ, ಉಳಿಸಿದ್ದೆಲ್ಲ ನಷ್ಟ. ಮೇಲೆ ಹೇಳಿದ 15 ಸೆಂಟಿಮೀಟರ್ ಬದಲು ಇಲ್ಲಿ ಕೂದಲೆಳೆ ಬಿರುಕು ಕಂಡ ತಕ್ಷಣ ನೀರು ಕಟ್ಟುವುದು ಕ್ಷೇಮ. ಆದರೆ ಒಂದು ಮಾತು. ಮುಂದಿನ ನೀರು ಯಾವತ್ತು ಬರುತ್ತದೆ ಎಂಬ ಖಾತ್ರಿ ಇಲ್ಲದಿದ್ದರೆ ಯಾವ ರೈತನೂ ಗದ್ದೆ ಆರಿಸುವ ಧೈರ್ಯ ಮಾಡುವುದಿಲ್ಲ. ಸಿಕ್ಕಾಗ ತುಂಬಿಸಿಕೊಳ್ಳುತ್ತಾನೆ. ಮೇಲ್ಭಾಗದ ನೀರು ಉಳಿಯಬೇಕಾದರೂ ಪಾಳಿಯ ದಿನ ನಿಗದಿಯಾಗಲೇಬೇಕು.

ಈ ವರ್ಷ ನೀವು ಏನು ಮಾಡಬಹುದು? ಭತ್ತದ ಆಸೆ ಬಿಡಿ. ನಿಮ್ಮ ಎರೆ ಆಳವಾಗಿದ್ದರೆ ಮುಂಗಾರಿಗೆ ಹತ್ತಿ ಮತ್ತು ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಹನ್ನೆರಡು ಎಕರೆಯನ್ನೂ ಒಂದೇ ಬೆಳೆಗೆ ಹಾಕಬೇಡಿ. ಹೂ ಬಿಡುವ ಸಮಯ ಬೇರೆ ಬೇರೆ ಇದ್ದರೆ, ಬಂದ ಒಂದು ಪಾಳಿ ಯಾವುದಾದರೂ ಒಂದು ಬೆಳೆಯ ಸರಿಯಾದ ಹೊತ್ತಿಗೆ ಸಿಗುತ್ತದೆ. ಹತ್ತಿಗೆ ಹೂ ಮತ್ತು ಕಾಯಿ ಹಂತದಲ್ಲಿ, ಜೋಳಕ್ಕೆ ತೆನೆ ಹೊರಡುವ ಮುಂಚೆ, ಕಡಲೆಗೆ ಹೂ ಬರುವ ಮುಂಚೆ ಒಂದೊಂದು ನೀರು ಸಿಕ್ಕರೂ ಬೆಳೆ ಕೈಗೆ ಬರುತ್ತದೆ. ಜಾಗ ಇದ್ದರೆ ಕೃಷಿ ಹೊಂಡ ಮಾಡಿ, ರಾತ್ರಿ ಸುಮ್ನೆ ಹಳ್ಳಕ್ಕೆ ಹರಿದುಹೋಗುವ ಕಾಲುವೆ ನೀರನ್ನು ನಿಮ್ಮ ಪಾಳಿಯಲ್ಲಿ ತುಂಬಿಸಿಕೊಳ್ಳಿ.

ಇನ್ನು ಅಳತೆ. ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಹನ್ನೆರಡು ಎಕರೆಗೆ ಮೂರು ಇಂಚು ನೀರು ಕಟ್ಟಬೇಕಾದರೆ ಒಂದು ಕ್ಯೂಸೆಕ್ 36 ಗಂಟೆ ಬೇಕು. ಲ್ಯಾಟರಲ್‌ನಲ್ಲಿ ಎಷ್ಟು ಬರುತ್ತಿದೆ ಎಂದು ನೀವೇ ಅಳೆಯಬಹುದು. ನೇರವಾಗಿರುವ ಕಡೆ ದಂಡೆಯ ಮೇಲೆ ನೂರು ಅಡಿ ಗುರುತು ಮಾಡಿ, ನೀರಿನ ಮಧ್ಯೆ ಒಣ ಬೆಂಡು ಎಸೆದು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ನೋಡಿ. 80 ಸೆಕೆಂಡ್ ಆದರೆ ವೇಗ ಸೆಕೆಂಡಿಗೆ ಒಂದೂಕಾಲು ಅಡಿ. ಅಗಲ ಎಂಟು ಅಡಿ, ಸರಾಸರಿ ಆಳ ಒಂದೂವರೆ ಅಡಿ ಇದ್ದರೆ ಗುಣಿಸಿದಾಗ 15. ತಳದ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕೆ 0.85ರಿಂದ ಗುಣಿಸಿ. ಹತ್ತಿರ ಹತ್ತಿರ 13 ಕ್ಯೂಸೆಕ್. ಒಂದು ಹಗಲು ಒಂದು ರಾತ್ರಿ ಹರಿದರೆ ನೂರು ಎಕರೆಗೆ ಮೂರು ಇಂಚು.

ನಿಮ್ಮ ಲ್ಯಾಟರಲ್‌ನ ನಾಲ್ಕೈದು ಮಂದಿ ಸೇರಿ ಜುಲೈಯಿಂದ ಪ್ರತಿ ಪಾಳಿಯಲ್ಲಿ ಈ ಅಳತೆಯನ್ನು ದಿನಾಂಕ, ಗಂಟೆ ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಜೊತೆಗೆ ಮುಖ್ಯ ಕಾಲುವೆಯ ಮೈಲ್ 69 ಮತ್ತು ಮೈಲ್ 104ರ ಗೇಜ್ ಅಂಕಿಗಳನ್ನು ಕಚೇರಿಯಿಂದ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ‘ನೀರು ಬಂದಿಲ್ಲ’ ಎಂಬ ದೂರಿಗೆ ‘ಬಿಟ್ಟಿದ್ದೇವೆ’ ಎಂಬ ಉತ್ತರ ಯಾವಾಗಲೂ ಸಿದ್ಧ ಇರುತ್ತದೆ. ‘ಮೈಲ್ 69ರಲ್ಲಿ ಇಷ್ಟು ಗೇಜ್ ಇದ್ದ ದಿನ ನಮ್ಮ ಲ್ಯಾಟರಲ್‌ನಲ್ಲಿ ಬರೀ ನಾಲ್ಕು ಕ್ಯೂಸೆಕ್ ಇತ್ತು’ ಎಂದರೆ ಆ ಉತ್ತರ ನಡೆಯುವುದಿಲ್ಲ. ಆ ನೋಟ್‌ಬುಕ್‌ನ ಪ್ರತಿಯನ್ನು ಅಕ್ಟೋಬರ್ ಮುಗಿಯುವುದರೊಳಗೆ ನಿಮ್ಮ ಶಾಸಕರಿಗೆ, ಕಾರ್ಯಪಾಲಕ ಎಂಜಿನಿಯರ್‌ಗೆ, ಜಿಲ್ಲಾಧಿಕಾರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಎರಡನೇ ಬೆಳೆಯ ತೀರ್ಮಾನವಾಗುವ ಐಸಿಸಿ ಸಭೆ ಅದರ ನಂತರ ಬರುತ್ತದೆ.